ಸಂತೆ ಮುಗಿದ ಮೇಲೆ ಆರಂಭವಾಗುವ ಹಬ್ಬ

ಆಗಮನ ಕಾಲದ ನಾಲ್ಕು ವಾರಗಳು ಸಮೀಪಿಸುತ್ತಿದ್ದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮ್ಮ ಕಥೋಲಿಕ ಮನೆಗಳಲ್ಲಿ ಹಬ್ಬದ ಸಿದ್ಧತೆ ಮೆಲ್ಲನೆ ಆರಂಭವಾಗುತ್ತದೆ. ಗೋಡೆಗಳಿಗೆ ಸುಣ್ಣಬಣ್ಣವಾಗುತ್ತದೆ. ಬಿದಿರಿನ ದಬ್ಬೆಗಳನ್ನು ಸೀಳಿ, ಬಣ್ಣದ ಕಾಗದ ಅಂಟಿಸಿ ಮಕ್ಕಳು ನಕ್ಷತ್ರ ಕಟ್ಟುತ್ತಾರೆ. ಆಗತಾನೇ ಕೊಯ್ಲಾದ ಗದ್ದೆಯಿಂದ ಒಂದು ಹೊರೆ ಹುಲ್ಲು ಗೋದಲಿಗೆಂದು ಮನೆಗೆ ಬರುತ್ತದೆ. ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ದಿನ ಯಾವುದೆಂದು ಅಜ್ಜಿಯರು ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಧನುರ್ಮಾಸದ ಚಳಿ, ಸೊಗಡು ಅವರೆಯ ಪರಿಮಳ, ಆಲೆಮನೆಯ ಬೆಲ್ಲದ ಘಮ, ಇವುಗಳ ನಡುವೆಯೇ ನಮ್ಮ ಕ್ರಿಸ್ತಜಯಂತಿಯು ಬರುವುದು ತಲೆಮಾರುಗಳಿಂದ ನಡೆದುಬಂದ ಕ್ರಮ.

ಈಚಿನ ವರ್ಷಗಳಲ್ಲಿ ಈ ಸಿದ್ಧತೆಯ ನಡುವೆ ಹೊಸದೊಂದು ಮಾತು ಕೇಳಿಬರುತ್ತಿದೆ. ಎಂಜಿನಿಯರಿಂಗ್ ಓದಿಯೋ, ದಾದಿಯರ ಶಿಕ್ಷಣ ಪಡೆದೋ ಜರ್ಮನಿ, ಆಸ್ಟ್ರಿಯ, ನೆದರ್‌ಲ್ಯಾಂಡ್ಸ್ ದೇಶಗಳಿಗೆ ಹೋಗಿ ನೆಲೆಸಿದ ಮಕ್ಕಳು ತಂದೆತಾಯಿಯರನ್ನು ಡಿಸೆಂಬರಿನಲ್ಲಿ ಬರಮಾಡಿಕೊಳ್ಳಬಯಸುತ್ತಾರೆ. ಹಡಗಿನಲ್ಲಿ ಕುಳಿತು ನದಿಯುದ್ದಕ್ಕೂ ಸಾಗುತ್ತ, ಊರೂರಿನ ಕ್ರಿಸ್ಮಸ್ ಸಂತೆಗಳನ್ನು ನೋಡಿಬರುವ ಪ್ರವಾಸ ಅವರು ನೀಡಬಯಸುವ ಉಡುಗೊರೆ. ಬೆಂಗಳೂರಿನ ಪ್ರವಾಸ ಸಂಸ್ಥೆಗಳೂ ಇಂಥ ಯಾತ್ರೆಯ ಬಣ್ಣದ ಚಿತ್ರಗಳನ್ನು ಮುಂದಿಡುತ್ತಿವೆ.

ಸರ್ಕಾರಿ ಸೇವೆಯಿಂದ ನಿವೃತ್ತರಾದ ದಂಪತಿಗಳೊಬ್ಬರು ಒಂದು ಭಾನುವಾರ ಬಲಿಪೂಜೆಯ ನಂತರ ಈ ವಿಷಯವನ್ನೇ ಎತ್ತಿದರು. “ಸ್ವಾಮಿ, ಮಗ ಟಿಕೆಟ್ ತೆಗೆಸುತ್ತೇನೆ ಅಂತ ಕೂತಿದ್ದಾನೆ. ಆಗಮನ ಕಾಲದಲ್ಲಿ ಸಂತೆ ಸುತ್ತಿಕೊಂಡು ಬರುವುದು ಸರಿಯೇ? ಊರಿನಲ್ಲಿ ಅವ್ವ ಇದ್ದಾಳೆ, ತೊಂಬತ್ತು ದಾಟಿದೆ.” ಈ ಮಾತಿನಲ್ಲಿ ಒಂದಲ್ಲ, ಎರಡು ಪ್ರಶ್ನೆಗಳಿವೆ. ಒಂದು, ಪವಿತ್ರವಾದ ಕಾಲದಲ್ಲಿ ಸಂತೆಗೆ ಸ್ಥಾನವೇನು ಎಂಬುದು. ಇನ್ನೊಂದು, ನಾವು ದೂರದ ಬೆಳಕನ್ನು ನೋಡಲು ಹೊರಟಾಗ ಮನೆಯ ಮೂಲೆಯ ಕಂದೀಲನ್ನು ಯಾರು ಹಚ್ಚುವರು ಎಂಬುದು. ಎರಡಕ್ಕೂ ಉತ್ತರ ಹುಡುಕುವ ಮೊದಲು ಆ ಸಂತೆಗಳ ಮತ್ತು ಆ ನದಿಗಳ ಪರಿಚಯ ಮಾಡಿಕೊಳ್ಳುವುದು ಉಚಿತ.

ನದಿಯೇ ಹೆದ್ದಾರಿ

ರೈನ್ ನದಿ ಸ್ವಿಟ್ಜರ್‌ಲ್ಯಾಂಡಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ, ಜರ್ಮನಿ ಮತ್ತು ಫ್ರಾನ್ಸುಗಳ ಗಡಿಯನ್ನು ಸವರಿ, ಸುಮಾರು 1,230 ಕಿಲೋಮೀಟರ್ ಹರಿದು ನೆದರ್‌ಲ್ಯಾಂಡ್ಸಿನಲ್ಲಿ ಉತ್ತರ ಸಮುದ್ರವನ್ನು ಸೇರುತ್ತದೆ. ಡ್ಯಾನ್ಯೂಬ್ ನದಿ ಜರ್ಮನಿಯ ಕಪ್ಪು ಅರಣ್ಯದಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟುತ್ತ, ಸುಮಾರು 2,850 ಕಿಲೋಮೀಟರ್ ಸಾಗಿ ಕಪ್ಪು ಸಮುದ್ರಕ್ಕೆ ಬೀಳುತ್ತದೆ. ಒಂದು ವಾಯವ್ಯಕ್ಕೂ ಇನ್ನೊಂದು ಪೂರ್ವಕ್ಕೂ ಹರಿಯುವ ಈ ಎರಡು ನದಿಗಳನ್ನು ಜೋಡಿಸಬೇಕೆಂಬ ಕನಸು ಬಹಳ ಹಳೆಯದು. 793ರಲ್ಲಿಯೇ ಚಕ್ರವರ್ತಿ ಶಾರ್ಲಮೇನ್ ಅದಕ್ಕಾಗಿ ನಾಲೆ ತೋಡಿಸಲು ತೊಡಗಿದ್ದನು. ಆ ಕನಸು ಪೂರ್ಣ ಪ್ರಮಾಣದಲ್ಲಿ ನನಸಾದದ್ದು 1992ರ ಸೆಪ್ಟೆಂಬರಿನಲ್ಲಿ, ರೈನ್‌ನ ಉಪನದಿ ಮೈನ್ ಮತ್ತು ಡ್ಯಾನ್ಯೂಬ್‌ಗಳ ನಡುವಣ 171 ಕಿಲೋಮೀಟರ್ ಉದ್ದದ ನಾಲೆ ಉದ್ಘಾಟನೆಯಾದಾಗ. ನೂರೆಂಬರ್ಗ್ ನಗರಕ್ಕೆ ಇಂದು ಪ್ರಯಾಣಿಕರ ಹಡಗುಗಳು ಬರುವುದು ಈ ನಾಲೆಯ ಮೂಲಕವೇ.

ಹಡಗು ಬೆಟ್ಟವನ್ನು ಹತ್ತುವುದು ಹೇಗೆ ಎಂದು ನೀವು ಕೇಳಬಹುದು. ವಿಶ್ವೇಶ್ವರಯ್ಯ ನಾಲೆಯ ತೂಬುಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಡಗು ಎರಡು ಬಾಗಿಲುಗಳ ನಡುವಿನ ತೊಟ್ಟಿಯೊಳಗೆ ಬಂದು ನಿಲ್ಲುತ್ತದೆ. ಹಿಂದಿನ ಬಾಗಿಲು ಮುಚ್ಚಿ, ಮೇಲಿನ ನೀರನ್ನು ಒಳಗೆ ಬಿಡುತ್ತಾರೆ. ನೀರು ಏರಿದಂತೆ ಹಡಗೂ ಏರುತ್ತದೆ. ಬಳಿಕ ಮುಂದಿನ ಬಾಗಿಲು ತೆರೆಯುತ್ತದೆ. ಇದನ್ನು ಅಲ್ಲಿ ಲಾಕ್ ಎನ್ನುತ್ತಾರೆ. ಈ ನಾಲೆಯಲ್ಲಿ ಇಂಥ 16 ನೀರಿನ ಮೆಟ್ಟಿಲುಗಳಿದ್ದು, ಅತ್ಯುನ್ನತ ಭಾಗವು ಸಮುದ್ರಮಟ್ಟದಿಂದ 406 ಮೀಟರ್ ಎತ್ತರದಲ್ಲಿದೆ. ಬಹುಪಾಲು ಲಾಕ್‌ಗಳ ಅಗಲ 12 ಮೀಟರ್ ಆದುದರಿಂದ ನದಿ ಹಡಗುಗಳು ಅದಕ್ಕಿಂತ ಸ್ವಲ್ಪ ಕಿರಿದಾಗಿ, ಆದರೆ 110ರಿಂದ 135 ಮೀಟರ್ ಉದ್ದವಾಗಿ ಇರುತ್ತವೆ. ಸಾಮಾನ್ಯವಾಗಿ ನೂರೈವತ್ತರಿಂದ ನೂರತೊಂಬತ್ತು ಮಂದಿ ಅದರಲ್ಲಿ ಪಯಣಿಸುತ್ತಾರೆ.

ವಯಸ್ಸಾದವರಿಗೆ ಈ ಪಯಣ ಹಿತವೆನಿಸಲು ಕಾರಣಗಳಿವೆ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿಟ್ಟರೆ ಸಾಕು. ರಾತ್ರಿ ನಿದ್ರಿಸುತ್ತಿರುವಾಗ ಹಡಗು ಸಾಗಿ, ಬೆಳಿಗ್ಗೆ ಊರಿನ ನಡುವೆಯೇ ಲಂಗರು ಹಾಕುತ್ತದೆ. ಸಮುದ್ರದ ಅಲೆಯ ಓಲಾಟವಿಲ್ಲ. ರೈನ್‌ನ ಯಾತ್ರೆಗಳು ಆಮ್‌ಸ್ಟರ್‌ಡಾಮ್ ಅಥವಾ ಕೊಲೋನ್‌ನಿಂದ ಸ್ಟ್ರಾಸ್‌ಬುರ್ಗ್, ಬಾಸೆಲ್‌ಗಳವರೆಗೆ ನಡೆಯುತ್ತವೆ. ಡ್ಯಾನ್ಯೂಬ್‌ನವು ನೂರೆಂಬರ್ಗ್, ರೇಗೆನ್ಸ್‌ಬುರ್ಗ್, ಪಸ್ಸಾವ್, ಲಿಂಜ್, ವಿಯೆನ್ನ, ಬ್ರಾಟಿಸ್ಲಾವ, ಬುಡಾಪೆಸ್ಟ್‌ಗಳನ್ನು ಪೋಣಿಸುತ್ತವೆ. ಸುಮಾರು ಒಂದು ವಾರದ ಪಯಣ.

ಆದರೆ ನದಿ ಯಾರ ಅಡಿಯಾಳೂ ಅಲ್ಲ. 2018ರ ಶರತ್ಕಾಲದಲ್ಲಿ ಮಳೆಯಿಲ್ಲದೆ ರೈನ್ ಎಷ್ಟು ಸೊರಗಿತೆಂದರೆ ದೊಡ್ಡ ಹಡಗುಗಳು ಸಾಗಲಾರದೆ ನಿಂತವು. ನೆರೆ ಬಂದಾಗಲೂ ಸೇತುವೆಗಳ ಕೆಳಗೆ ಹಡಗು ನುಸುಳಲಾಗದು. ಅಂಥ ಸಮಯದಲ್ಲಿ ಪ್ರಯಾಣಿಕರನ್ನು ಬಸ್ಸಿನಲ್ಲಿ ಮುಂದಿನ ಊರಿಗೆ ಸಾಗಿಸುವುದುಂಟು. 2023ರ ಬರಗಾಲದಲ್ಲಿ ಕನ್ನಂಬಾಡಿಯ ನೀರಿನ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡಿ ನಿಟ್ಟುಸಿರಿಟ್ಟ ಮಂಡ್ಯದ ರೈತನಿಗೆ ಈ ಸತ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಂತೆಯ ಹುಟ್ಟು

ಈ ಸಂತೆಗಳ ಹುಟ್ಟು ಸರಳವಾದದ್ದು. ಆ ದೇಶಗಳಲ್ಲಿ ಡಿಸೆಂಬರ್ ಎಂದರೆ ನೆಲ ಹೆಪ್ಪುಗಟ್ಟುವ ತಿಂಗಳು. ಸಂಜೆ ನಾಲ್ಕೂಕಾಲರ ಹೊತ್ತಿಗೆ ಕತ್ತಲು ಕವಿಯುತ್ತದೆ. ಹಿಮ ಬಿದ್ದು ದಾರಿಗಳು ಮುಚ್ಚುವ ಮೊದಲು ಮಾಂಸ, ಹಿಟ್ಟು, ಉಣ್ಣೆಯ ಬಟ್ಟೆ, ಮಡಕೆಗಳನ್ನು ಮನೆಗೆ ತುಂಬಿಕೊಳ್ಳಬೇಕಾಗಿತ್ತು. ಆದಕಾರಣ ದೇವಾಲಯದ ಮುಂದಿನ ಬಯಲಿನಲ್ಲಿ, ಜನರು ಪೂಜೆಗೆ ಸೇರುವ ಸ್ಥಳದಲ್ಲಿಯೇ, ಸಂತೆ ಕೂಡುತ್ತಿತ್ತು. ವಿಯೆನ್ನದಲ್ಲಿ ಡಿಸೆಂಬರ್ ಸಂತೆ ನಡೆಸುವ ಹಕ್ಕು 13ನೆಯ ಶತಮಾನದ ಕೊನೆಯಲ್ಲಿ ದೊರೆಯಿತು. ಎಲ್ಬ್ ನದಿಯ ದಡದ ಡ್ರೆಸ್ಡೆನ್ ನಗರದಲ್ಲಿ 1434ರಲ್ಲಿ ಆರಂಭವಾದ ಸಂತೆಯು ಮೊದಲಿಗೆ ಒಂದೇ ದಿನದ ಮಾಂಸದ ಸಂತೆಯಾಗಿತ್ತು.

ಡ್ರೆಸ್ಡೆನ್ನಿನಲ್ಲಿ ಮಾರಾಟವಾಗುವ ಸ್ಟೋಲನ್ ಎಂಬ ಸಿಹಿರೊಟ್ಟಿಗೆ ಒಂದು ಸ್ವಾರಸ್ಯಕರವಾದ ಚರಿತ್ರೆಯಿದೆ. ಮೇಲೆ ಸಕ್ಕರೆಪುಡಿ ಉದುರಿಸಿದ ಅದರ ಆಕಾರವು ಬಟ್ಟೆಯಲ್ಲಿ ಸುತ್ತಿದ ಯೇಸುಬಾಲನನ್ನು ನೆನಪಿಸುತ್ತದೆಂದು ಹೇಳುವುದುಂಟು. ಹಿಂದೆ ಆಗಮನ ಕಾಲವು ಉಪವಾಸದ ಕಾಲವಾಗಿದ್ದುದರಿಂದ ಬೆಣ್ಣೆ ನಿಷಿದ್ಧವಾಗಿತ್ತು. ಎಣ್ಣೆಯಿಂದ ಮಾಡಿದ ರೊಟ್ಟಿ ಒರಟಾಗಿರುತ್ತಿತ್ತು. ಸ್ಯಾಕ್ಸನಿಯ ಅರಸರ ಕೋರಿಕೆಯಂತೆ ಪೋಪ್ ಎಂಟನೆಯ ಇನೊಸೆಂಟರು 1491ರಲ್ಲಿ ಬೆಣ್ಣೆಯ ಬಳಕೆಗೆ ಅನುಮತಿ ನೀಡಿದರು. ಆ ಪತ್ರಕ್ಕೆ ‘ಬೆಣ್ಣೆಯ ಪತ್ರ’ ಎಂದೇ ಹೆಸರು. ಅದಕ್ಕೆ ಪ್ರತಿಯಾಗಿ ಜನರು ಕೊಡಬೇಕಾಗಿದ್ದ ಹಣ ದೇವಾಲಯ ನಿರ್ಮಾಣಕ್ಕೆ ಸಲ್ಲುತ್ತಿತ್ತು. ಬೆಣ್ಣೆಗೂ ಸುಂಕವೇ ಎಂದು ನಗುವವರು ನಗಲಿ. ಬಾಯಿಗೆ ಹೋಗುವ ತುತ್ತಿಗೂ ಭಕ್ತಿಗೂ ಸಂಬಂಧವಿದೆಯೆಂದು ಒಂದು ಸಮಾಜ ನಂಬಿದ್ದ ಕಾಲವದು.

ಸ್ಟ್ರಾಸ್‌ಬುರ್ಗ್ ಸಂತೆ 1570ರದು. ಅದಕ್ಕೆ ಮುಂಚೆ ಅಲ್ಲಿ ಸಂತ ನಿಕೋಲಾಸರ ಹೆಸರಿನ ಸಂತೆ ನಡೆಯುತ್ತಿತ್ತು. ಪ್ರೊಟೆಸ್ಟಂಟ್ ಸುಧಾರಣೆಯ ನಂತರ ಸಂತರ ಹೆಸರು ಬೇಡವೆಂದು ನಗರಸಭೆ ಅದನ್ನು ನಿಲ್ಲಿಸಿ, ಕ್ರಿಸ್ತಬಾಲನ ಹೆಸರಿನ ಸಂತೆಯನ್ನು ಸ್ಥಾಪಿಸಿತು. ಡಿಸೆಂಬರ್ 6ರಂದು ನಾವು ಸ್ಮರಿಸುವ ಸಂತ ನಿಕೋಲಾಸರು ಮೈರಾ ನಗರದ ಧರ್ಮಾಧ್ಯಕ್ಷರು, ಮಕ್ಕಳ ಪಾಲಕರು, ನಾವಿಕರ ಪಾಲಕರು ಕೂಡ. ನದಿಯ ಮೇಲೆ ಬದುಕಿದ ಜನರು ಅವರ ಹೆಸರಿನಲ್ಲಿ ಎಷ್ಟೋ ದೇವಾಲಯಗಳನ್ನು ಕಟ್ಟಿದ್ದಾರೆ.

ಆಸ್ಟ್ರಿಯದ ಸಾಲ್ಜಾಖ್ ನದಿಯ ದಡದ ಓಬರ್ನ್‌ಡಾರ್ಫ್‌ನಲ್ಲಿಯೂ ಅಂಥದೊಂದು ದೇವಾಲಯವಿತ್ತು. ಅಲ್ಲಿನ ಜನ ಉಪ್ಪು ಸಾಗಿಸುವ ದೋಣಿಗಾರರು. ಚಳಿಗಾಲದಲ್ಲಿ ದೋಣಿ ನಿಂತರೆ ಕೂಲಿಯೂ ನಿಂತಿತು. 1818ರ ಡಿಸೆಂಬರ್ 24ರಂದು ಯುವ ಗುರು ಜೋಸೆಫ್ ಮೋರ್ ಮತ್ತು ಶಾಲಾ ಉಪಾಧ್ಯಾಯ ಫ್ರಾನ್ಸ್ ಗ್ರೂಬರ್ ಒಂದು ಹೊಸ ಗೀತೆಯನ್ನು ಗಿಟಾರಿನ ಜೊತೆಯಲ್ಲಿ ಮೊದಲು ಹಾಡಿದ್ದು ಈ ಬಡ ದೋಣಿಗಾರರ ದೇವಾಲಯದಲ್ಲಿಯೇ. ‘ಸೈಲೆಂಟ್ ನೈಟ್’ ಎಂದು ಲೋಕವೆಲ್ಲ ಅದನ್ನು ಬಲ್ಲದು. ನಮ್ಮ ಹಳ್ಳಿಯ ಗಾಯಕವೃಂದಗಳೂ ಅದರ ರಾಗಕ್ಕೆ ಕನ್ನಡದ ಮಾತುಗಳನ್ನು ಹಾಡುತ್ತವೆ. ಆ ದೇವಾಲಯ ಪ್ರವಾಹಗಳಿಂದ ಶಿಥಿಲವಾಗಿ ಕೆಡವಲ್ಪಟ್ಟಿತು. ಇಂದು ಅಲ್ಲಿರುವುದು ಅದರ ನೆನಪಿನ ಚಿಕ್ಕ ಪ್ರಾರ್ಥನಾಮಂದಿರ. ಕಟ್ಟಡವನ್ನು ನದಿ ಕೊಂಡೊಯ್ದರೂ ಹಾಡು ಉಳಿಯಿತು.

ಕೊಲೋನ್‌ಗೆ ಹೋದವರು ಪ್ರಧಾನಾಲಯದ ನೆರಳಿನಲ್ಲಿ ಹರಡಿದ ಸಂತೆಯನ್ನು ಕಾಣುತ್ತಾರೆ. 1248ರಲ್ಲಿ ಕಟ್ಟಲು ತೊಡಗಿದ ಆ ಪ್ರಧಾನಾಲಯ ಮುಗಿದದ್ದು 1880ರಲ್ಲಿ, ಆರು ನೂರು ವರ್ಷಗಳ ನಂತರ. 1164ರಲ್ಲಿ ಮಿಲಾನಿನಿಂದ ತಂದ, ಪೂರ್ವದ ಮೂವರು ಜ್ಞಾನಿಗಳದೆಂದು ಭಕ್ತರು ನಂಬುವ ಅವಶೇಷಗಳು ಅಲ್ಲಿ ಚಿನ್ನದ ಪೆಟ್ಟಿಗೆಯೊಂದರಲ್ಲಿವೆ. ನಕ್ಷತ್ರವನ್ನು ಹಿಂಬಾಲಿಸಿ ದೂರದ ಪಯಣ ಕೈಗೊಂಡ ಮೊದಲ ಕ್ರಿಸ್ಮಸ್ ಯಾತ್ರಿಕರು ಅವರೇ ಅಲ್ಲವೇ? ಹೊರಗಿನ ಅಂಗಡಿಗಳನ್ನು ನೋಡಿ, ಒಳಗೆ ಕಾಲಿಡದೆ ಹಡಗಿಗೆ ಮರಳುವ ಪ್ರವಾಸಿಗ ಅರ್ಧ ದಾರಿಯಿಂದಲೇ ಹಿಂದಿರುಗಿದಂತೆ.

ನೂರೆಂಬರ್ಗಿನ ಹೆಸರುವಾಸಿ ಶುಂಠಿ ರೊಟ್ಟಿಯನ್ನು ಬಾಯಿಗಿಟ್ಟ ನಮ್ಮವರಿಗೆ ಪರಿಚಿತವಾದ ರುಚಿಯೊಂದು ತಟ್ಟುತ್ತದೆ. ಜೇನು, ಶುಂಠಿ, ಏಲಕ್ಕಿ, ಲವಂಗ, ದಾಲ್ಚಿನ್ನಿ ಅದರ ಜೀವ. ಅದಕ್ಕೆ ‘ಮೆಣಸಿನ ರೊಟ್ಟಿ’ ಎಂಬ ಹಳೆಯ ಹೆಸರೂ ಉಂಟು. ಸಾಂಬಾರ ಪದಾರ್ಥಗಳು ಪೂರ್ವದಿಂದ ವೆನಿಸ್ ಮಾರ್ಗವಾಗಿ ಆ ನಗರವನ್ನು ತಲಪುತ್ತಿದ್ದವು. ನಮ್ಮ ಪಶ್ಚಿಮ ಘಟ್ಟಗಳ ಮೆಣಸು ಏಲಕ್ಕಿಗಳು ಯೂರೋಪಿನ ಕ್ರಿಸ್ಮಸ್ಸಿಗೆ ನಮಗಿಂತ ಎಷ್ಟೋ ಶತಮಾನ ಮೊದಲೇ ಅತಿಥಿಗಳಾಗಿ ಹೋಗಿದ್ದವು.

ದೀಪದ ಬುಡದ ಕತ್ತಲೆ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಈ ಸಂತೆಗಳಿಗೂ ಸಲ್ಲುತ್ತದೆ. ನೂರೆಂಬರ್ಗಿನ ಸಂತೆ ಸೇರುವ ಮುಖ್ಯ ಚೌಕ ಒಂದು ಕಾಲಕ್ಕೆ ಯೆಹೂದ್ಯರ ಕೇರಿಯಾಗಿತ್ತು. 1349ರ ಡಿಸೆಂಬರ್ ತಿಂಗಳಿನಲ್ಲಿ, ಚಕ್ರವರ್ತಿ ನಾಲ್ಕನೆಯ ಚಾರ್ಲ್ಸನ ಸಮ್ಮತಿಯೊಡನೆ, ಆ ಕೇರಿಯನ್ನು ನೆಲಸಮ ಮಾಡಿ ಐನೂರಕ್ಕೂ ಹೆಚ್ಚು ಯೆಹೂದ್ಯರನ್ನು ಕೊಲ್ಲಲಾಯಿತು. ಅವರ ಪ್ರಾರ್ಥನಾಮಂದಿರ ನಿಂತಿದ್ದ ಸ್ಥಳದಲ್ಲಿಯೇ ಮಾತೆ ಮರಿಯಳ ಹೆಸರಿನ ದೇವಾಲಯ ಎದ್ದಿತು. ಇಂದು ಸಂತೆಯನ್ನು ಉದ್ಘಾಟಿಸುವುದು ಅದೇ ದೇವಾಲಯದ ಮೊಗಸಾಲೆಯ ಮೇಲಿನಿಂದ. ಯೆಹೂದ್ಯ ತಾಯಿಯೊಬ್ಬಳು ಹೆತ್ತ ಮಗುವಿನ ಹಬ್ಬವನ್ನು ಕಾಯುತ್ತಿದ್ದ ಆಗಮನ ಕಾಲದಲ್ಲಿಯೇ ಕ್ರೈಸ್ತರ ನಗರವೊಂದು ಆ ತಾಯಿಯ ಜನಾಂಗದವರನ್ನು ಕೊಂದಿತೆಂಬುದನ್ನು ನಾವು ಮರೆಮಾಚಲಾಗದು. 1933ರಲ್ಲಿ ನಾಜಿ ಆಡಳಿತವು ಅದೇ ಸಂತೆಯನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಯುದ್ಧಕಾಲದಲ್ಲಿ ನಿಂತುಹೋದ ಸಂತೆ 1948ರಲ್ಲಿ ಬಾಂಬಿನಿಂದ ಹಾಳಾದ ನಗರದ ನಡುವೆ ಮತ್ತೆ ಕೂಡಿತು.

ಅದೇ ಮೊಗಸಾಲೆಯ ಮೇಲೆ ಎರಡು ವರ್ಷಕ್ಕೊಮ್ಮೆ ಆಯ್ಕೆಯಾದ ಯುವತಿಯೊಬ್ಬಳು ಬಿಳಿ ಮತ್ತು ಹೊಂಬಣ್ಣದ ಉಡುಪಿನಲ್ಲಿ ಕ್ರಿಸ್ತಬಾಲನ ಪ್ರತೀಕವಾಗಿ ನಿಂತು ಎಲ್ಲರನ್ನೂ ಸ್ವಾಗತಿಸುವುದು ವಾಡಿಕೆ. 2019ರಲ್ಲಿ ಆಯ್ಕೆಯಾದ ಬೆನಿಗ್ನಾ ಮುನ್ಸಿ ಭಾರತೀಯ ಮೂಲದ ತಂದೆಯ ಮಗಳು. ಅವಳ ಮೈಬಣ್ಣವನ್ನು ನೋಡಿ ಒಂದು ರಾಜಕೀಯ ಪಕ್ಷದ ಸ್ಥಳೀಯ ಘಟಕ ಅವಹೇಳನದ ಮಾತಾಡಿತು. ನಗರದ ಜನ ಆ ಮಾತನ್ನು ಖಂಡಿಸಿ ಹುಡುಗಿಯ ಬೆನ್ನಿಗೆ ನಿಂತರು. ಘಟಕವು ಆ ಬರಹವನ್ನು ಅಳಿಸಬೇಕಾಯಿತು. ಅವಳೇ ಸಂತೆಯನ್ನು ಉದ್ಘಾಟಿಸಿದಳು. ಬೇರೆಯವರನ್ನು ಹೊರಗಟ್ಟಿದ ನೆಲದ ಮೇಲೆಯೇ ಬೇರೆ ಬಣ್ಣದ ಮಗಳು ನಿಂತು ಎಲ್ಲರಿಗೂ ಸ್ವಾಗತ ಕೋರಿದ್ದನ್ನು ನಾನು ಸಣ್ಣ ಸಂಗತಿಯೆಂದು ತಿಳಿಯಲಾರೆ.

ಈಚಿನ ವರ್ಷಗಳೂ ನೋವಿನಿಂದ ಮುಕ್ತವಲ್ಲ. 2016ರಲ್ಲಿ ಬರ್ಲಿನ್, 2018ರಲ್ಲಿ ಸ್ಟ್ರಾಸ್‌ಬುರ್ಗ್, 2024ರಲ್ಲಿ ಮಾಗ್ಡೆಬುರ್ಗ್ ಸಂತೆಗಳ ಮೇಲೆ ದಾಳಿಗಳು ನಡೆದು ಅಮಾಯಕರು ಪ್ರಾಣ ಕಳೆದುಕೊಂಡರು. ಆದ್ದರಿಂದ ಇಂದು ಎಷ್ಟೋ ಸಂತೆಗಳ ಪ್ರವೇಶದಲ್ಲಿ ಕಾಂಕ್ರೀಟಿನ ದಿಮ್ಮಿಗಳೂ ಪೊಲೀಸರೂ ಎದುರಾಗುತ್ತಾರೆ. ಕೊರೋನಾ ಮಾರಿಯಿಂದಾಗಿ 2020ರಲ್ಲಿ ಬಹುಪಾಲು ಸಂತೆಗಳು ನಡೆಯಲೇ ಇಲ್ಲ. ಆ ವರ್ಷದ ಬರಿದಾದ ಚೌಕಗಳಲ್ಲಿಯೂ ಕ್ರಿಸ್ತಜಯಂತಿ ತಪ್ಪದೆ ಬಂತು.

ಹೋಗಬೇಕೇ, ಬೇಡವೇ?

ಕೊಡುಕೊಳ್ಳುವಿಕೆಯನ್ನು ಕುರಿತು ಸಂತ ಥಾಮಸ್ ಅಕ್ವಿನಾಸರು ಆಳವಾಗಿ ಚಿಂತಿಸಿದ್ದಾರೆ. ಅರಿಸ್ಟಾಟಲನನ್ನು ಅನುಸರಿಸಿ ಅವರು ಎರಡು ಬಗೆಯ ವಿನಿಮಯವನ್ನು ಗುರುತಿಸುತ್ತಾರೆ. ಮನೆಯ ಅಗತ್ಯವನ್ನು ಪೂರೈಸಲು ನಡೆಯುವ ವಿನಿಮಯ ಸಹಜವಾದದ್ದು. ಲಾಭವೇ ಗುರಿಯಾದ ವಿನಿಮಯಕ್ಕೆ ತನ್ನಷ್ಟಕ್ಕೆ ಕೊನೆಯೆಂಬುದಿಲ್ಲ. ಹಾಗೆಂದು ಲಾಭವನ್ನು ಅವರು ಪಾಪವೆಂದು ತಳ್ಳಿಹಾಕುವುದಿಲ್ಲ. ಆ ಲಾಭ ಸಂಸಾರದ ಪೋಷಣೆಗೋ ಬಡವರ ನೆರವಿಗೋ ತಿರುಗಿದರೆ ಅದು ನ್ಯಾಯವಾದದ್ದೇ. ಗುರಿಯುಳ್ಳ ವಸ್ತುವಿಗೆ ಮಿತಿಯಿರುತ್ತದೆ, ಗುರಿಯಿಲ್ಲದ್ದಕ್ಕೆ ಮಿತಿಯಿಲ್ಲ ಎಂಬುದು ಈ ವಿಚಾರದ ತಿರುಳು.

ಈ ಅಳತೆಗೋಲಿನಿಂದ ನೋಡಿದರೆ ಆ ಸಂತೆಗಳಲ್ಲಿ ನನಗೆ ಮೆಚ್ಚುಗೆಯಾಗುವ ಸಂಗತಿ ಅವುಗಳ ದೀಪಾಲಂಕಾರವಲ್ಲ. ಅವು ಮುಚ್ಚುತ್ತವೆ ಎಂಬುದೇ ನನಗೆ ದೊಡ್ಡದು. ಜರ್ಮನಿಯ ಬಹುಪಾಲು ಸಂತೆಗಳು ಡಿಸೆಂಬರ್ 23 ಅಥವಾ 24ಕ್ಕೆ ಕೊನೆಗೊಳ್ಳುತ್ತವೆ. ಕೆಲವೆಡೆ ಈಗ ಹೊಸ ವರ್ಷದವರೆಗೆ ಮುಂದುವರಿಸುವ ರೂಢಿ ಬಂದಿದ್ದರೂ ಹಳೆಯ ಕ್ರಮ ಇನ್ನೂ ಅಳಿದಿಲ್ಲ. 24ರ ಮಧ್ಯಾಹ್ನ ಅಂಗಡಿಗಳ ಬಾಗಿಲು ಬೀಳುತ್ತದೆ. 25 ಮತ್ತು 26 ಎರಡೂ ದಿನ ರಜೆ. ಬೀದಿಗಳು ಮೌನವಾಗುತ್ತವೆ. ಜನರು ಮನೆಗೆ, ದೇವಾಲಯಕ್ಕೆ ತೆರಳುತ್ತಾರೆ. ಅಂದರೆ ಸಂತೆ ಆಗಮನ ಕಾಲಕ್ಕೆ ಸೇರಿದ್ದು, ಹಬ್ಬಕ್ಕಲ್ಲ. ಕೊಳ್ಳುವುದು ಮುಗಿದ ಮೇಲೆಯೇ ಪಡೆಯುವುದು ಆರಂಭವಾಗುತ್ತದೆ. ಇಲ್ಲಿಯಾದರೋ 24ರ ರಾತ್ರಿ ಪೂಜೆಯ ಗಂಟೆ ಬಾರಿಸುವ ಹೊತ್ತಿಗೂ ನಮ್ಮವರು ಕೆಲವರು ಬಟ್ಟೆಯ ಅಂಗಡಿಯಲ್ಲಿ ಬಿಲ್ಲು ಹಾಕಿಸುತ್ತಿರುತ್ತಾರೆ.

ಆ ದಂಪತಿಗಳ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಅಡಗಿತ್ತು. ನದಿಯಾತ್ರೆಗಳು ನವೆಂಬರ್ ಕೊನೆಯಿಂದಲೇ ಹೊರಡುತ್ತವೆ. ಆಗಮನ ಕಾಲದ ಮೊದಲ ಅಥವಾ ಎರಡನೆಯ ವಾರದಲ್ಲಿ ಹೋಗಿ, ಹಬ್ಬಕ್ಕೆ ಮುಂಚೆ ಮರಳಬಹುದು. ಹೀಗೆ ಹೇಳಿದಾಗ ಆ ತಾಯಿಯ ಮುಖ ಅರಳಿತು. ಮಗನನ್ನೂ ಜೊತೆಯಲ್ಲಿ ಕರೆತರುವುದೆಂದು ಅವರು ನಿಶ್ಚಯಿಸಿದರು. ಹಾಗೆಯೇ ನಡೆಯಿತು. ತೊಂಬತ್ತು ದಾಟಿದ ಆ ಅವ್ವ ಮಳವಳ್ಳಿ ಸೀಮೆಯ ತನ್ನ ಹಳ್ಳಿಮನೆಯಲ್ಲಿ ಮಗ, ಸೊಸೆ, ಮೊಮ್ಮಗನೊಡನೆ ಕುಳಿತು ಕಜ್ಜಾಯದ ಪಾಕ ನೋಡಿದಳು. ಮೊಮ್ಮಗ ತಂದ ಸ್ಟೋಲನ್ನನ್ನು ಕಾಫಿಯಲ್ಲಿ ಅದ್ದಿ ತಿಂದು, “ಬೆಲ್ಲ ಸಾಲದು ಕಣಪ್ಪ” ಎಂದಳಂತೆ. ಮಗನ ಆಸೆಯೂ ತೀರಿತು, ತಾಯಿಯ ಋಣವೂ ಉಳಿಯಲಿಲ್ಲ. ಎಲ್ಲ ಮನೆಗಳಲ್ಲಿಯೂ ದಾರಿ ಇಷ್ಟು ಸಲೀಸಾಗಿ ಸಿಗದೆಂಬುದನ್ನು ಬಲ್ಲೆ. ರಜೆ ಸಿಗದ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಅಂಥಲ್ಲಿ ಪ್ರವಾಸ ಮುಂದಿನ ವರ್ಷಕ್ಕೆ ಕಾಯಬಹುದು. ತೊಂಬತ್ತರ ತಾಯಿ ಮುಂದಿನ ವರ್ಷಕ್ಕೆ ಕಾಯುವಳೆಂಬ ಭರವಸೆಯನ್ನು ಯಾರೂ ಕೊಡಲಾರರು.

ಹೊರಡುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡವಾಗಬಾರದು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ನದಿಯ ನೀರು ಏರಿಳಿದು ಹಡಗು ನಿಂತರೆ ಸಂಸ್ಥೆ ಏನು ಮಾಡುವುದೆಂದು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ನಮ್ಮ ಮಂಡ್ಯದ ಚಳಿಗೆ ಹೊದೆಯುವ ಶಾಲು ಅಲ್ಲಿನ ಚಳಿಗೆ ಸಾಲದು. ಕಲ್ಲುಹಾಸಿನ ಬೀದಿಗಳಲ್ಲಿ ಜಾರದ ಬೂಟು ಅತ್ಯಗತ್ಯ. ಸಂತೆಯಲ್ಲಿ ಬಿಸಿ ಪಾನೀಯ ಕೊಳ್ಳುವಾಗ ಪಿಂಗಾಣಿಯ ಲೋಟಕ್ಕೂ ಮುಂಗಡ ತೆಗೆದುಕೊಳ್ಳುತ್ತಾರೆ. ಲೋಟ ಹಿಂದಿರುಗಿಸಿದರೆ ಹಣವೂ ಹಿಂದಿರುಗುತ್ತದೆ. ಭಾನುವಾರದ ಪೂಜೆಯ ಸಮಯವನ್ನು ಹಡಗಿನ ಸಿಬ್ಬಂದಿಯಲ್ಲಿ ವಿಚಾರಿಸಿ. ಎಷ್ಟೋ ಕಡೆ ಪ್ರಧಾನಾಲಯವು ನದಿತೀರದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿಯೇ ಇರುತ್ತದೆ.

ನಮ್ಮ ನದಿ ಹೊತ್ತು ತಂದದ್ದು

ಹೋಗಲಾರದವರೇ ನಮ್ಮಲ್ಲಿ ಹೆಚ್ಚು. ಅವರು ಏನನ್ನೋ ಕಳೆದುಕೊಂಡರೆಂದು ಭಾವಿಸಬೇಕಾಗಿಲ್ಲ. ನಮ್ಮ ಕಾವೇರಿ ಹಡಗುಗಳನ್ನು ಹೊರುವ ನದಿಯಲ್ಲ. ಮಳೆಗಾಲದಲ್ಲಿ ಉಕ್ಕಿ, ಬೇಸಗೆಯಲ್ಲಿ ಬಂಡೆಗಳನ್ನು ತೋರುವ ನದಿಯಲ್ಲಿ ತೆಪ್ಪ ಮಾತ್ರವೇ ಸಾಗಬಲ್ಲದು. ಮುತ್ತತ್ತಿಯ ಕಡೆಯವರು ಇದನ್ನು ಚೆನ್ನಾಗಿ ಬಲ್ಲರು. ಆದರೆ ಹಡಗು ಹೊರದ ಈ ನದಿ ಬೆಳಕನ್ನು ಹೊತ್ತಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಮುಂದೆ ಕನ್ನಂಬಾಡಿಯ ನಾಲೆ ಒಣನೆಲಕ್ಕೆ ನೀರನ್ನು ತಂದಿತು, ಕಬ್ಬು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಅವರ ನದಿ ಸಂತೆಯನ್ನು ದಡಕ್ಕೆ ತಂದರೆ ನಮ್ಮ ನದಿ ಸಂತೆಗೆ ಬೇಕಾದ ಬೆಲ್ಲವನ್ನು ಹೊಲದಲ್ಲಿಯೇ ಬೆಳೆಸಿತು.

ಇದೇ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಎರಡು ಶತಮಾನಗಳ ಹಿಂದೆ ಫ್ರಾನ್ಸಿನ ಗುರು ಅಬ್ಬೆ ದ್ಯುಬ್ವಾ ಅವರು ಬಂದರು. 1799ರ ಯುದ್ಧದ ನಂತರ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಂದುಗೂಡಿಸಿದರು, ಸಿಡುಬಿನ ಚುಚ್ಚುಮದ್ದನ್ನು ಪ್ರಚುರಪಡಿಸಿದರು, ಈ ನಾಡಿನ ಉಡುಗೆ ಆಹಾರಗಳನ್ನು ತಮ್ಮದಾಗಿಸಿಕೊಂಡು ಬಾಳಿ 1823ರಲ್ಲಿ ತಾಯ್ನಾಡಿಗೆ ಮರಳಿದರು. ನಮ್ಮ ಮಕ್ಕಳು ಇಂದು ಕಾವೇರಿಯಿಂದ ರೈನ್‌ಗೆ ಹೋಗುತ್ತಿದ್ದಾರೆ. ಅವರು ಯೂರೋಪಿನಿಂದ ಕಾವೇರಿಗೆ ಬಂದರು. ಬಂದವರು ಇಲ್ಲಿ ಏನನ್ನು ಕೊಳ್ಳಬಹುದೆಂದು ನೋಡಲಿಲ್ಲ, ಏನನ್ನು ಕೊಡಬಹುದೆಂದು ನೋಡಿದರು. ಪ್ರವಾಸಕ್ಕೂ ಯಾತ್ರೆಗೂ ಇರುವ ಅಂತರ ಇಷ್ಟೇ.

ಬೆತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದರ್ಥ. ಜನಗಣತಿಗಾಗಿ ಬಂದವರಿಂದ ಊರು ಸಂತೆಯಂತೆ ತುಂಬಿತುಳುಕುತ್ತಿದ್ದ ರಾತ್ರಿಯೇ ಪ್ರಭು ಜನಿಸಿದರು. ಗದ್ದಲದ ನಡುವೆ ಗರ್ಭಿಣಿಯೊಬ್ಬಳಿಗೆ ಮೂಲೆಯೊಂದನ್ನು ಬಿಟ್ಟುಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ಸಂತೆಯೇ ತಪ್ಪಲ್ಲ, ಸಂತೆಯಲ್ಲಿ ಕಣ್ಣು ಮಂಕಾಗುವುದು ತಪ್ಪು. ಪ್ರಿಯ ವಾಚಕರೇ, ಈ ಆಗಮನ ಕಾಲದಲ್ಲಿ ಮಂಡ್ಯದ ಪೇಟೆಗೋ, ಮದ್ದೂರಿನ ಸಂತೆಗೋ, ಮಳವಳ್ಳಿಯ ಅಂಗಡಿಬೀದಿಗೋ ಹೋದಾಗ ಕೈಚೀಲದಲ್ಲಿ ಒಂದಿಷ್ಟು ಜಾಗ ಬಿಟ್ಟಿರಿ. ಒಬ್ಬ ವಿಧವೆಯ ಮನೆಗೆ ಒಂದು ಸೇರು ಬೆಲ್ಲ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡಿರುವ ಕೂಲಿಯವರ ಮಗುವಿಗೆ ಒಂದು ಉಣ್ಣೆಯ ಟೋಪಿ, ಮಕ್ಕಳು ದೂರದೇಶದಲ್ಲಿರುವ ಹಿರಿಯರೊಬ್ಬರ ಬಾಗಿಲಿಗೆ ಒಂದು ನಕ್ಷತ್ರ ಆ ಜಾಗವನ್ನು ತುಂಬಲಿ. 24ರ ಸಂಜೆಯೊಳಗೆ ಕೊಳ್ಳುವುದನ್ನೆಲ್ಲ ಮುಗಿಸಿ. ಚೀಲವನ್ನು ಗೂಟಕ್ಕೆ ತಗುಲಿಹಾಕಿ, ಬರಿಗೈಯಲ್ಲಿ ಗೋದಲಿಯ ಮುಂದೆ ಬಂದು ಮೊಣಕಾಲೂರಿರಿ. ಆ ಮಗುವನ್ನು ಎತ್ತಿಕೊಳ್ಳಲು ಎರಡು ಕೈಗಳೂ ಬಿಡುವಾಗಿರಬೇಕು.